ಮಂಜಿನಲ್ಲಿ ಮುಂದೆ ನಡೆದವನು

ಬೆಟ್ಟದ ಬುಡದಲ್ಲಿ ಒಂದು ಸಣ್ಣ ಹೊಳೆ. ಹೊಳೆಯ ದಡದಲ್ಲಿ ಒಂದು ಆಶ್ರಮ. ನಾಲ್ಕು ಗುಡಿಸಲು, ಒಂದು ಹೊಂಗೆಮರ, ನೀರಿಗೆ ಇಳಿಯಲು ಕಲ್ಲಿನ ಮೆಟ್ಟಿಲು. ಅಷ್ಟೇ.

ಅಲ್ಲಿದ್ದ ಗುರುವಿನ ಹೆಸರು ಮರುಳಯ್ಯ. ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವರು ಅಯ್ಯ.

ಅಯ್ಯ ಪ್ರವಚನ ಮಾಡುತ್ತಿರಲಿಲ್ಲ. ಮಂತ್ರ ಕೊಡುತ್ತಿರಲಿಲ್ಲ. ವರ್ಷಕ್ಕೊಮ್ಮೆ, ಧನುರ್ಮಾಸದ ಒಂದು ದಿನ, ಬಂದವರನ್ನು ಕರೆದುಕೊಂಡು ಬೆಟ್ಟ ಸುತ್ತಿಸುತ್ತಿದ್ದರು. ಬೆಳಕು ಹರಿಯುವಾಗ ಹೊರಟು, ಬಿದಿರುಮೆಳೆ ದಾಟಿ, ಹುಲ್ಲುಬೋರೆ ಹತ್ತಿ, ನೆತ್ತಿಯ ಬಂಡೆಯ ಮೇಲೆ ಬುತ್ತಿ ಉಂಡು, ಆಚೆ ಮಗ್ಗುಲಿನ ದನದ ದೊಡ್ಡಿಯ ಮೇಲೆ ಇಳಿದು, ಹೊತ್ತು ಮುಳುಗುವ ಮೊದಲು ಹೊಳೆಗೆ ವಾಪಸು.

“ಇದರಿಂದ ಏನು ಸಿಗುತ್ತೆ ಅಯ್ಯನೋರೆ?” ಎಂದು ಯಾರಾದರೂ ಕೇಳಿದರೆ, “ಕಾಲುನೋವು” ಎನ್ನುತ್ತಿದ್ದರು.

ಆದರೂ ಜನ ಬರುತ್ತಿದ್ದರು. ನಲವತ್ತು ವರ್ಷದಿಂದ ಬರುತ್ತಿದ್ದರು.

ಅಯ್ಯನಿಗೆ ಒಬ್ಬನೇ ಶಿಷ್ಯ. ಸಿದ್ದರಾಜು. ಅವನು ಮೊದಲು ಬಸ್ಸಿನ ಕಂಡಕ್ಟರ್ ಆಗಿದ್ದ. ಒಂಬತ್ತು ವರ್ಷದ ಹಿಂದೆ ಒಂದು ಸಂಜೆ, ಹೊಳೆಯ ಹತ್ತಿರದ ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ, ಕೈಕಾಲು ತೊಳೆಯಲು ನೀರಿಗಿಳಿದ. ಅಯ್ಯ ಮೆಟ್ಟಿಲ ಮೇಲೆ ಕೂತಿದ್ದರು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಸಿದ್ದರಾಜು ಮೇಲೆ ಹೋಗಿ ಸೀಟಿಯನ್ನೂ ಚೀಲವನ್ನೂ ಡ್ರೈವರನ ಕೈಗೆ ಕೊಟ್ಟು ಬಂದು, ಮತ್ತೆ ಅದೇ ಮೆಟ್ಟಿಲ ಮೇಲೆ ಕೂತ. ಬಸ್ಸು ಹೊರಟುಹೋಯಿತು.

ಅಂದಿನಿಂದ ಪ್ರತಿವರ್ಷ ಬೆಟ್ಟದ ದಿನ ಅವನದು ಸಾಲಿನ ಕೊನೆ. ಬುತ್ತಿಯ ಗಂಟು ಹೊತ್ತು, ಹಿಂದೆ ಬಿದ್ದವರನ್ನು ಕರೆದುಕೊಂಡು ಬರುವ ಕೆಲಸ.

ಹತ್ತನೆಯ ವರ್ಷ ಅಯ್ಯ ಅವನನ್ನು ಕರೆದರು.

“ಸಿದ್ದರಾಜು, ನನ್ನ ಮಂಡಿ ಮಾತು ಕೇಳ್ತಿಲ್ಲ. ಈ ಸಲ ನೀನು ಮುಂದೆ ನಡಿ. ಗಂಟು ನಾನು ಹೊರ್ತೀನಿ.”

ಸಿದ್ದರಾಜು ಈ ಮಾತಿಗೆ ಎಷ್ಟು ವರ್ಷದಿಂದ ಕಾದಿದ್ದನೆಂಬುದು ಅವನಿಗೇ ಆಗ ತಿಳಿಯಿತು. ಮುಂದೆ ನಡೆಯುವವನೇ ಮುಂದೆ ಆಶ್ರಮವನ್ನೂ ನೋಡಿಕೊಳ್ಳುವವನು ಎಂದು ಊರಲ್ಲೆಲ್ಲ ಮಾತಿತ್ತು.

“ಅಯ್ಯ, ಮಂಡಿನೋವಲ್ಲಿ ಗಂಟು ಯಾಕೆ? ನೀವು ಇಲ್ಲೇ ಇರಿ. ನಾನು ನೋಡ್ಕೋತೀನಿ.”

“ಹಿಂದೆ ನಡೆದು ನೋಡಿಲ್ಲ ನಾನು. ಹೆಂಗಿರುತ್ತೆ ನೋಡ್ತೀನಿ” ಎಂದರು ಅಯ್ಯ.

ಆ ವರ್ಷ ಬಂದವರು ನಾಲ್ಕೇ ಜನ.

ಲಲಿತಾಂಬ, ನಿವೃತ್ತ ಶಾಲಾ ಹೆಡ್‌ಮಿಸ್. ಕೈಯಲ್ಲಿ ಒಂದು ನೋಟ್‌ಬುಕ್ಕು. ನಾಗಭೂಷಣ ಎಂಬ ಟೈಲರ್, ಅವನ ಹೆಂಡತಿ ಸುಮಿತ್ರ. ಸುಮಿತ್ರ ಎರಡು ವರ್ಷ ಹಾಸಿಗೆ ಹಿಡಿದು ಎದ್ದವಳು. ಎದ್ದ ಮೇಲೆ ಗಂಡನ ಹತ್ತಿರ ಕೇಳಿದ್ದು ಒಂದೇ: ಕಿಟಕಿಯಿಂದ ಕಾಣುತ್ತಿದ್ದ ಬೆಟ್ಟವನ್ನು ಒಂದು ಸಲ ಹತ್ತಬೇಕು. ನಾಲ್ಕನೆಯವಳು ಕೆಂಚಮ್ಮ. ಬಯಲುಸೀಮೆಯ ಕಡೆಯವಳು, ಎಮ್ಮೆ ಹಸು ಸಾಕಿಕೊಂಡು ಬದುಕುವವಳು. ಅರವತ್ತು ದಾಟಿತ್ತು. ಯಾಕೆ ಬಂದೆ ಎಂದು ಕೇಳಿದ್ದಕ್ಕೆ, “ಯಾರೂ ಬ್ಯಾಡ ಅನ್ನಲಿಲ್ಲ, ಬಂದೆ” ಎಂದಳು.

ಹೊರಟಾಗ ಹೊಳೆಯ ಮೇಲೆ ಆವಿ ಏಳುತ್ತಿತ್ತು. ನೀರು ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಗುತ್ತದೆಂದು ಹೇಳುವಂತಿರಲಿಲ್ಲ. ಬೆಟ್ಟದ ತುದಿಗೆ ಮಾತ್ರ ಬಿಸಿಲು ತಗುಲಿತ್ತು. ಉಳಿದದ್ದೆಲ್ಲ ಇನ್ನೂ ನಿದ್ದೆಯಲ್ಲಿತ್ತು.

ಸಿದ್ದರಾಜು ಕೋಲು ಹಿಡಿದು ಮುಂದೆ ನಡೆದ. ಅವನ ಹಿಂದೆ ನಾಲ್ವರು. ಎಲ್ಲರ ಹಿಂದೆ ಗಂಟು ಹೊತ್ತ ಅಯ್ಯ, ಕುಂಟುತ್ತ.

ಬಿದಿರುಮೆಳೆ ಒಳಗೆ ಬೆಳಕು ಹಸಿರಾಗಿತ್ತು. ಕಾಲ ಕೆಳಗಿನ ಒಣ ಎಲೆಗಳೂ, ಸುಮಿತ್ರಳ ಬಿಳಿ ಸ್ವೆಟರೂ, ಲಲಿತಾಂಬ ಅವರ ತಲೆಕೂದಲೂ ಹಸಿರಾದವು. ಯಾರೋ ನೀರಿನ ಅಡಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದಂತಿತ್ತು.

“ಇದು ಹೆಬ್ಬಿದಿರು. ಅದು ಕಿರುಬಿದಿರು” ಎಂದ ಸಿದ್ದರಾಜು. “ಎಡಗಡೆ ನೋಡಿ, ಹೊನ್ನೆ. ಅದರ ಪಕ್ಕ ಮತ್ತಿ.”

ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗಿ ಕೂಗಿ ಪಳಗಿದ ಗಂಟಲು. ಮೆಳೆಯ ತುಂಬ ಕೇಳಿಸಿತು. ಒಂದು ಕಾಡುಕೋಳಿ ಗಾಬರಿಬಿದ್ದು ಹಾರಿತು.

ಲಲಿತಾಂಬ ಬರೆದುಕೊಂಡರು. “ಮತ್ತಿ ಅಂದ್ರೆ ತಕ್ಕೆ ತ ಒತ್ತಾ?”

“ಹೌದು ಮೇಡಂ. ಬೇಗ ಬನ್ನಿ, ಮುಂದೆ ಇನ್ನೂ ಚೆನ್ನಾಗಿದೆ.”

ಮೆಳೆ ಮುಗಿಯುವಲ್ಲಿ ಬಂಡೆಗಳ ನಡುವೆ ಒಂದು ಪುಟ್ಟ ಮಡು. ಅದರಲ್ಲಿ ಆಕಾಶ ಬಿದ್ದಿತ್ತು. ಸುಮಿತ್ರ ನಿಂತಳು.

“ಇಲ್ಲಿ ಸ್ವಲ್ಪ ಕೂರೋಣವಾ?”

“ಅಕ್ಕ, ಇದೇನೂ ಅಲ್ಲ. ಮೇಲೆ ಹೋದರೆ ಏಳು ಗುಡ್ಡ ಒಟ್ಟಿಗೆ ಕಾಣ್ತವೆ. ಮಂಜು ಬರೋಕೆ ಮುಂಚೆ ಹೋಗಬೇಕು.”

ಸುಮಿತ್ರ ಮಡುವನ್ನು ಇನ್ನೊಮ್ಮೆ ನೋಡಿ ಹೆಜ್ಜೆ ಹಾಕಿದಳು.

ಸ್ವಲ್ಪ ದೂರ ಹೋಗಿ ಸಿದ್ದರಾಜು ತಿರುಗಿ ನೋಡಿದ. ಹಿಂದೆ ಯಾರೂ ಇಲ್ಲ. ವಾಪಸು ಓಡಿದ. ಅಯ್ಯ ಮಡುವಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನಾಲ್ವರೂ ಅವರ ಪಕ್ಕದಲ್ಲಿ ಕಾಲು ಇಳಿಬಿಟ್ಟಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ನೆಲ್ಲಿಕಾಯಿ.

“ಅಯ್ಯ, ಹೊತ್ತಾಗುತ್ತೆ.”

“ಮಂಡಿ ಕಣಪ್ಪ” ಎಂದರು ಅಯ್ಯ, ನೆಲ್ಲಿಕಾಯಿ ಕಚ್ಚುತ್ತ. “ನೀನೂ ಒಂದು ತಿನ್ನು. ತಿಂದು ನೀರು ಕುಡಿ. ಸಿಹಿಯಾಗಿರುತ್ತೆ.”

“ಅದು ನನಗೆ ಗೊತ್ತು ಅಯ್ಯ” ಎಂದ ಸಿದ್ದರಾಜು. ತಿನ್ನಲಿಲ್ಲ.

ಬಿಸಿಲೇರುವ ಹೊತ್ತಿಗೆ ಹುಲ್ಲುಬೋರೆ ಸಿಕ್ಕಿತು. ಮರಗಳೆಲ್ಲ ಕೆಳಗೆ ಉಳಿದವು. ಆಳೆತ್ತರದ ಹುಲ್ಲು, ಅದರಾಚೆ ಮೊಳಕಾಲೆತ್ತರದ ಹುಲ್ಲು, ಅದರಾಚೆ ಆಕಾಶ. ಗಾಳಿ ಬಂದಾಗ ಇಡೀ ಬೆಟ್ಟ ಮಗ್ಗುಲು ಬದಲಿಸಿದಂತೆ ಕಾಣುತ್ತಿತ್ತು.

ಸಿದ್ದರಾಜು ಕೋಲೆತ್ತಿ ತೋರಿಸಿದ.

“ಅದು ಆನೆಬೋರೆ. ಅದರ ಬಲಕ್ಕೆ ಕೊಕ್ಕರೆಗುಡ್ಡ. ಆ ಸೀಳಿದ ಹಾಗೆ ಇರೋದು ಅವಳಿಗುಡ್ಡ. ಕೆಂಚಮ್ಮ, ಅಲ್ಲಿ ನೋಡಬೇಕು, ಇಲ್ಲಲ್ಲ.”

ಕೆಂಚಮ್ಮ ಕುಕ್ಕರುಗಾಲಲ್ಲಿ ಕೂತು ಹುಲ್ಲನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡುತ್ತಿದ್ದಳು.

“ನೋಡ್ತೀನಿ ಸ್ವಾಮಿ. ಇಂಥ ಹುಲ್ಲು ನಮ್ಮ ಕಡೆ ಇಲ್ಲ. ನಮ್ಮ ಹಸುಗೆ ಒಂದು ಹೊರೆ ಸಿಕ್ಕಿದ್ರೆ...” ಎಂದು ನಕ್ಕಳು.

“ಹುಲ್ಲು ನೋಡೋಕೆ ಇಷ್ಟು ದೂರ ಬರಬೇಕಿತ್ತಾ?”

ಮಾತು ಸ್ವಲ್ಪ ಒರಟಾಯಿತು ಎಂದು ಅವನಿಗೇ ಅನಿಸಿತು. ಕೆಂಚಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಎದ್ದು ಆನೆಬೋರೆಯ ಕಡೆ ವಿಧೇಯಳಾಗಿ ನೋಡಿದಳು.

ನೆತ್ತಿಯ ಬಂಡೆಯ ಮೇಲೆ ಬುತ್ತಿ ಬಿಚ್ಚಿದರು. ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಮೊಸರನ್ನ. ಉಂಡ ಮೇಲೆ ಸುಮಿತ್ರ ಬಿಸಿಬಂಡೆಯ ಮೇಲೆ ಒರಗಿ ಹಾಗೇ ನಿದ್ದೆಹೋದಳು. ನಾಗಭೂಷಣ ಅವಳ ಮುಖಕ್ಕೆ ಬಿಸಿಲು ಬೀಳದಂತೆ ತನ್ನ ಟವೆಲ್ ಹಿಡಿದು ಕೂತ. ಅವನ ಕೈ ನಡುಗುವವರೆಗೂ ಇಳಿಸಲಿಲ್ಲ.

“ಎರಡು ವರ್ಷ ಅವಳು ಹೀಗೆ ನಿದ್ದೆ ಮಾಡಿದ್ದು ನೋಡಿರಲಿಲ್ಲ” ಎಂದು ಮೆಲ್ಲಗೆ ಹೇಳಿದ, ಯಾರಿಗೆಂದಿಲ್ಲದೆ.

ಕೆಳಗೆ ಕಣಿವೆಯಲ್ಲಿ ಬೆಳ್ಳಗೆ ಏನೋ ಅಲುಗಿತು. ಹಾಲು ಉಕ್ಕುವ ಹಾಗೆ ಸದ್ದಿಲ್ಲದೆ ಮೇಲೆ ಬರುತ್ತಿತ್ತು. ಮೊದಲು ಅವಳಿಗುಡ್ಡ ಮುಳುಗಿತು. ಆಮೇಲೆ ಕೊಕ್ಕರೆಗುಡ್ಡ. ಆನೆಬೋರೆಯ ಬೆನ್ನು ಸ್ವಲ್ಪ ಹೊತ್ತು ತೇಲಿತು. ಅದೂ ಹೋಯಿತು.

“ಎಷ್ಟು ಚೆಂದ!” ಎಂದರು ಲಲಿತಾಂಬ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಗುಡ್ಡಗಳು ಒಂದೂ ಈಗ ಎದುರಿಗಿರಲಿಲ್ಲ.

“ಏಳಿ, ಏಳಿ” ಎಂದ ಸಿದ್ದರಾಜು. “ಇಳಿದುಬಿಡೋಣ.”

ಅವರು ಬಂಡೆಯಿಂದ ಇಳಿದು ಇನ್ನೂರು ಹೆಜ್ಜೆ ನಡೆದಿರಬಹುದು. ಮಂಜು ಬಂದು ಅವರನ್ನು ತಬ್ಬಿತು.

ಲೋಕ ಒಂದು ಕೋಣೆಯಷ್ಟಾಯಿತು. ಆ ಕೋಣೆಗೆ ಬೆಳ್ಳನೆಯ ಗೋಡೆ. ಅವರು ನಡೆದಂತೆ ಗೋಡೆಯೂ ನಡೆಯಿತು. ಹುಲ್ಲಿನ ತೆನೆಗಳ ಮೇಲೆ ಹನಿ ಕೂತವು. ಮಾತಾಡಿದರೆ ಮಾತು ಬಾಯಿಯ ಹತ್ತಿರವೇ ಉಳಿಯಿತು.

ಸಿದ್ದರಾಜುವಿಗೆ ದಾರಿ ಗೊತ್ತಿತ್ತು. ಒಂಬತ್ತು ವರ್ಷ ನಡೆದ ದಾರಿ. ಬಂಡೆಯಿಂದ ಎಡಕ್ಕೆ, ಇಳಿಜಾರು, ಒಂಟಿ ಮರ, ಆಮೇಲೆ ದನದ ದೊಡ್ಡಿ. ದನ ಕಾಯುವವರು ಈ ಕಾಲದಲ್ಲಿ ಬೆಟ್ಟದ ಮೇಲೇ ದೊಡ್ಡಿ ಹಾಕಿಕೊಂಡು ಇರುತ್ತಾರೆ. ಅಲ್ಲಿಂದ ಕೆಳಗೆ ಗಾಡಿ ಜಾಡು.

ಅವನು ಎಡಕ್ಕೆ ನಡೆದ. ಇಳಿಜಾರು ಸಿಕ್ಕಿತು. ಒಂಟಿ ಮರ ಸಿಗಲಿಲ್ಲ.

“ಹೀಗೆ ಬನ್ನಿ” ಎಂದ.

ಇನ್ನಷ್ಟು ನಡೆದರು. ಇಳಿಜಾರು ಏರಾಯಿತು. ಏರಬಾರದಿತ್ತು.

“ಹೀಗೆ, ಹೀಗೆ.”

ಒಂದು ಬಂಡೆ ಮಂಜಿನಿಂದ ಎದ್ದು ಬಂತು. ಅದರ ಬಗಲಲ್ಲಿ ಮುರಿದ ಕಳ್ಳಿ.

“ಸ್ವಾಮಿ, ಇದೇ ಬಂಡೆ ಆಗ್ಲೆ ಒಂದು ಸಾರಿ ಸಿಕ್ತಲ್ಲ?” ಎಂದಳು ಕೆಂಚಮ್ಮ.

“ಮಂಜಿನಲ್ಲಿ ಎಲ್ಲ ಬಂಡೆಯೂ ಒಂದೇ ಥರ ಕಾಣುತ್ತೆ ಕೆಂಚಮ್ಮ.”

ಅವನಿಗೂ ಅದೇ ಬಂಡೆ ಎಂದು ಗೊತ್ತಾಗಿತ್ತು.

ಹಿಂದೆ ಸುಮಿತ್ರ ಕೆಮ್ಮಿದಳು. ಅವಳ ಸ್ವೆಟರು ಒದ್ದೆಯಾಗಿ ತೂಗುತ್ತಿತ್ತು. ಹಲ್ಲು ಕಟಕಟ ಎನ್ನುವುದು ಮಂಜಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು.

“ಇನ್ನೆಷ್ಟು ದೂರ ಸ್ವಾಮಿ?” ಎಂದ ನಾಗಭೂಷಣ.

“ಬಂದೇಬಿಡ್ತು. ಇಲ್ಲೇ ಕೆಳಗೆ.”

ಸಿದ್ದರಾಜು ಬೇಗ ಬೇಗ ನಡೆದ. ಬೇಗ ನಡೆದರೆ ದಾರಿ ಬೇಗ ಸಿಗುತ್ತದೆ ಎನ್ನುವ ಹಾಗೆ. ಮನಸ್ಸಿನಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಅಯ್ಯ ಹಿಂದಿದ್ದಾರೆ. ಅಯ್ಯ ನೋಡುತ್ತಿದ್ದಾರೆ. ಮೊದಲ ದಿನವೇ ಹೀಗಾಗಬಾರದು.

ಕೋಲು ಮುಂದಕ್ಕೆ ಊರಿದ. ಕೋಲು ಊರಲಿಲ್ಲ.

ಅದು ಏನನ್ನೂ ಮುಟ್ಟದೆ ಕೆಳಗಿಳಿಯಿತು. ಅವನ ಮೈ ಅದರ ಹಿಂದೆ ವಾಲಿತು. ಎಡಗಾಲು ಹೇಗೋ ಅವನನ್ನು ಹಿಂದಕ್ಕೆ ಸೆಳೆಯಿತು. ಕಾಲ ಬಳಿಯ ಒಂದು ಕಲ್ಲು ಜಾರಿ ಮುಂದೆ ಹೋಯಿತು.

ಅವನು ಕಲ್ಲು ಬೀಳುವ ಸದ್ದಿಗೆ ಕಾದ. ಸದ್ದು ಬರಲಿಲ್ಲ.

ಮುಂದೆ ಬರೀ ಬಿಳುಪು. ಮೃದುವಾಗಿ, ನಿಧಾನವಾಗಿ ಅಲೆಯುತ್ತಿತ್ತು. ಹತ್ತಿಯ ಹಾಸಿಗೆಯಂತೆ, ಬಾ ಎನ್ನುವಂತಿತ್ತು.

“ಏನಾಯ್ತು?” ಎಂದು ಹಿಂದಿನಿಂದ ಲಲಿತಾಂಬ ಕೇಳಿದರು. “ನಿಂತುಬಿಟ್ರಲ್ಲ?”

ಸುಸ್ತಾಗಿರಬೇಕು, ಐದು ನಿಮಿಷ ಕೂರೋಣ ಎನ್ನುವ ಮಾತು ಅವನ ಬಾಯಿಯ ತುದಿಗೆ ಬಂತು. ಸಲೀಸಾಗಿ ಬಂತು. ಆ ಸಲೀಸು ಕಂಡೇ ಅವನಿಗೆ ಭಯವಾಯಿತು. ಐದು ನಿಮಿಷ ಕೂತ ಮೇಲೆ ಮತ್ತೆ ಹೀಗೆ ಬನ್ನಿ ಎನ್ನುತ್ತಾನೆ. ಅವರು ಬರುತ್ತಾರೆ. ಅವನು ಎಲ್ಲಿಗೆ ಕರೆದರೂ ಬರುತ್ತಾರೆ.

ಅವನು ತಿರುಗಿದ. ಮಂಜಿನಲ್ಲಿ ನಾಲ್ಕು ಮುಖ, ಅವುಗಳ ಹಿಂದೆ ಐದನೆಯದು, ಮಸುಕಾಗಿ.

“ಯಾರೂ ಮುಂದೆ ಬರಬೇಡಿ” ಎಂದ. ಅವನ ಗಂಟಲು ಈಗ ಕಂಡಕ್ಟರನದಾಗಿರಲಿಲ್ಲ. “ಇಲ್ಲಿ ಪ್ರಪಾತ ಇದೆ. ನನಗೆ... ನನಗೆ ದಾರಿ ಗೊತ್ತಿಲ್ಲ. ಆಗಲೇ ತಪ್ಪಿತು. ಆ ಬಂಡೆ ಎರಡು ಸಲ ಸಿಕ್ತಲ್ಲ, ಆಗಲೇ. ನಾನು ಹೇಳಲಿಲ್ಲ.”

ಹುಲ್ಲಿನಿಂದ ಹನಿ ತೊಟ್ಟಿಕ್ಕುವುದು ಕೇಳಿಸಿತು.

ಆಮೇಲೆ ನಾಗಭೂಷಣ ಸಿಡಿದ.

“ಗೊತ್ತಿಲ್ಲ ಅಂದ್ರೆ? ಇವಳನ್ನ ನೋಡ್ರಿ, ತುಟಿ ನೀಲಿ ಆಗ್ತಿದೆ! ಗೊತ್ತಿಲ್ಲದೆ ಯಾಕ್ರೀ ಕರ್ಕೊಂಡು ಬಂದ್ರಿ? ಇಷ್ಟು ಹೊತ್ತು ಬಾಯಿ ಇರಲಿಲ್ವಾ ನಿಮಗೆ?”

“ಇತ್ತು” ಎಂದ ಸಿದ್ದರಾಜು. “ತಪ್ಪಾಯ್ತು.”

ನಾಗಭೂಷಣನಿಗೆ ಮುಂದೆ ಏನು ಬೈಯಬೇಕೋ ತಿಳಿಯಲಿಲ್ಲ. ಹೆಂಡತಿಯ ಅಂಗೈ ಹಿಡಿದು ಉಜ್ಜತೊಡಗಿದ.

ಅಯ್ಯ ಮುಂದೆ ಬಂದರು. ತಮ್ಮ ಕಂಬಳಿ ತೆಗೆದು ಸುಮಿತ್ರಳಿಗೆ ಹೊದಿಸಿ, ತುದಿಯನ್ನು ಕೊರಳಿಗೆ ಸುತ್ತಿದರು. ಏನೂ ಹೇಳಲಿಲ್ಲ. ಮತ್ತೆ ಹಿಂದೆ ಹೋಗಿ ನಿಂತರು.

“ಮೊದಲು ಎಲ್ಲರೂ ಇದ್ದೀವಾ ನೋಡೋಣ” ಎಂದರು ಲಲಿತಾಂಬ. ಮೂವತ್ತು ವರ್ಷ ತರಗತಿಯ ಮುಂದೆ ನಿಂತ ದನಿ. “ಹೆಸರು ಕೂಗ್ತೀನಿ. ಸುಮಿತ್ರ?”

“ಇದ್ದೀನಿ.”

“ನಾಗಭೂಷಣ?”

“ಹ್ಞೂಂ.”

“ಅಯ್ಯನೋರು?”

“ಇದ್ದೀನಿ ಮೇಡಂ” ಎಂದರು ಅಯ್ಯ, ಮಂಜಿನ ಒಳಗಿನಿಂದ.

ಸುಮಿತ್ರಳಿಗೆ ಆ ನಡುಕದಲ್ಲೂ ನಗು ಬಂತು.

“ಕೆಂಚಮ್ಮ?”

ಉತ್ತರವಿಲ್ಲ.

“ಕೆಂಚಮ್ಮ!”

“ಇಲ್ಲೇ ಇವ್ನಿ ಕಣವ್ವ” ಎಂಬ ದನಿ ನೆಲದ ಮಟ್ಟದಿಂದ ಬಂತು. ಕೆಂಚಮ್ಮ ಮೊಳಕಾಲೂರಿ ಹುಲ್ಲಿನಲ್ಲಿ ಕೈಯಾಡಿಸುತ್ತಿದ್ದಳು. “ಸ್ವಾಮಿ, ಇತ್ತಗೆ ಬನ್ನಿ. ಮುಟ್ಟಿ ನೋಡಿ.”

ಸಿದ್ದರಾಜು ಅವಳ ಪಕ್ಕ ಕೂತ. ಅವಳು ಅವನ ಕೈ ಹಿಡಿದು ಹುಲ್ಲಿನೊಳಗೆ ಇಟ್ಟಳು.

“ಏನದೆ?”

“ಹುಲ್ಲು.”

“ಅಯ್ಯೋ, ಹುಲ್ಲೇ. ತುದಿ ಹೆಂಗದೆ?”

ಅವನು ಬೆರಳಾಡಿಸಿದ. ತುದಿ ಚೂಪಾಗಿರಲಿಲ್ಲ. ಹರಿದಂತಿತ್ತು.

“ಕತ್ತರಿಸಿದ ಹಾಗಿದೆ.”

“ಹಸ ಕಚ್ಚಿರೋದು. ರಸ ಇನ್ನೂ ಆರಿಲ್ಲ, ಇವತ್ತು ಬೆಳಗ್ಗೇದು. ತುದಿ ಮಾತ್ರ ಕಚ್ಚವೆ ನೋಡಿ. ಅಂದ್ರೆ ಹೊಟ್ಟೆ ತುಂಬದೆ. ಹಸ ಹಸ್ಕೊಂಡು ದೊಡ್ಡಿ ಬಿಟ್ಟಾಗ ಬೇರುಮಟ ಮೇಯ್ತದೆ. ದೂರ ಬಂದಂಗೆಲ್ಲ ಹಿಂಗೆ ಮೇಲ್ಮೇಲೆ ಬಾಯಿ ಹಾಕ್ತದೆ.”

ಸಿದ್ದರಾಜು ಅವಳನ್ನೇ ನೋಡಿದ.

“ಹಾಗಾದ್ರೆ...”

“ಹುಲ್ಲು ಗಿಡ್ಡಕ್ಕಾಗ್ತಾ ಹೋದ ಕಡೆ ಹೋಗದು. ದೊಡ್ಡಿ ಸಿಕ್ತದೆ. ನಮ್ಮನೆ ಹಸ ಎಷ್ಟು ಸಲ ತಪ್ಪಿಸ್ಕೊಂಡವೆ ಅಂತೀರಿ. ಅವು ಹೋದ ಜಾಡು ಹಿಡಿದೇ ನಾನು ಕಣ್ಣು ಬಿಟ್ಟಿದ್ದು.”

“ನೀವು ಮುಂದೆ ನಡೀರಿ ಕೆಂಚಮ್ಮ.”

“ನಾನಾ?” ಅವಳು ಗಾಬರಿಯಾದಳು. “ಬ್ಯಾಡಪ್ಪ. ನಾನು ಬೆಟ್ಟ ಕಂಡೋಳಲ್ಲ.”

“ನೀವು ಹುಲ್ಲು ಕಂಡೋರು. ನಾನು ನಿಮ್ಮ ಹಿಂದೇ ಇರ್ತೀನಿ. ಕೋಲು ಮುಂದೆ ಹಿಡಿದಿರ್ತೀನಿ. ಬಿದ್ರೆ ನಾನು ಮೊದಲು.”

ಕೆಂಚಮ್ಮ ಸೆರಗು ಸಿಕ್ಕಿಸಿಕೊಂಡಳು.

ಅವರು ಹಾಗೆ ನಡೆದರು. ಕೆಂಚಮ್ಮ ನಡು ಬಾಗಿಸಿ, ಎರಡು ಕೈಯನ್ನೂ ಹುಲ್ಲಿನ ಮೇಲೆ ಆಡಿಸುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಂತು. ಅವಳ ಪಕ್ಕದಿಂದ ಚಾಚಿದ ಕೋಲು ನೆಲ ಕುಟ್ಟುತ್ತ. ಹಿಂದೆ ಲಲಿತಾಂಬ, ಆಮೇಲೆ ಕಂಬಳಿಯ ಸುಮಿತ್ರಳನ್ನು ತೋಳಲ್ಲಿ ಹಿಡಿದ ನಾಗಭೂಷಣ. ಎಲ್ಲರ ಹಿಂದೆ ಅಯ್ಯ. ನಡುನಡುವೆ ಲಲಿತಾಂಬ ಹೆಸರು ಕೂಗುತ್ತಿದ್ದರು. ಒಂದೊಂದೇ ದನಿ ಬಿಳುಪಿನಿಂದ ಎದ್ದು ಇದ್ದೀನಿ ಎನ್ನುತ್ತಿತ್ತು. ಕೂಗುವುದು ನಿಂತಾಗ ಮಂಜು ಇನ್ನೂ ದಟ್ಟವಾದಂತೆ ಅನಿಸುತ್ತಿತ್ತು.

“ಇಲ್ಲಲ್ಲ” ಎಂದು ಒಮ್ಮೆ ಕೆಂಚಮ್ಮ ವಾಪಸು ತಿರುಗಿದಳು. “ಇಲ್ಲಿ ಕಡವೆ ಮೇದದೆ. ಹಸ ಅಲ್ಲ.”

ಸಿದ್ದರಾಜು ಬಾಗಿ ತಾನೂ ಮುಟ್ಟಿದ. ಮೊದಲು ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಮುಟ್ಟಿದ. ಸ್ವಲ್ಪ ದೂರ ಹೋಗುವ ಹೊತ್ತಿಗೆ ಬೆರಳಿಗೆ ಏನೋ ತಿಳಿಯತೊಡಗಿತು. ಇಲ್ಲಿ ಉದ್ದ. ಇಲ್ಲಿ ಗಿಡ್ಡ. ಇಲ್ಲಿ ತಣ್ಣಗೆ ಹಸಿ ಮುರುಕು, ಅದರಿಂದ ಒಸರಿದ ಸಿಹಿ ವಾಸನೆ. ಅವನು ಒಂಬತ್ತು ವರ್ಷ ಈ ಬೆಟ್ಟದ ಮೇಲೆ ನಡೆದಿದ್ದ. ಅದನ್ನು ಮುಟ್ಟಿದ್ದು ಅಂದೇ ಮೊದಲು.

ಒಂದು ಗಳಿಗೆ ಅವನಿಗೆ ಭಯವೇ ಮರೆತುಹೋಯಿತು.

“ಇಲ್ಲಿ ಇನ್ನೂ ಗಿಡ್ಡ” ಎಂದ.

“ಹ್ಞಾಂ, ಗೊತ್ತಾಯ್ತು ಬುಡು ನಿಂಗೆ” ಎಂದಳು ಕೆಂಚಮ್ಮ. ಅವಳಿಗೇ ತಿಳಿಯದಂತೆ ಸ್ವಾಮಿ ಹೋಗಿತ್ತು. “ಇಕ್ಕಡೆ ಬಾ ಮಗ.”

ಹುಲ್ಲು ಅಂಗೈಯಷ್ಟಾಯಿತು. ಬೆರಳಷ್ಟಾಯಿತು. ಆಮೇಲೆ ನೆಲ ಬರಿದಾಯಿತು, ಗೊರಸಿನ ಗುರುತು ತುಂಬಿದ ಕೆಸರಾಯಿತು. ಮಂಜಿನ ಗೋಡೆಯಿಂದ ಒಂದು ದೊಡ್ಡ ಬಿಳಿ ಮುಖ ಹೊರಗೆ ಬಂತು. ಎರಡು ಕರಿಗಣ್ಣು, ಒದ್ದೆ ಮೂಗು. ಮೆಲುಕು ಹಾಕುವುದು ನಿಲ್ಲಿಸಿ ಅವರನ್ನು ನೋಡಿತು.

ಕೆಂಚಮ್ಮ ಅದರ ಕತ್ತಿನಡಿ ಜೋಲುವ ಗಂಗೆದೊಗಲು ಸವರಿದಳು. “ಅವ್ವಾ, ಬಂದ್ವಿ ತಾಯಿ” ಎಂದಳು.

ದೊಡ್ಡಿಯ ಯಜಮಾನ ಜಡೆಯ ಎಂಬ ಮುದುಕ. ಅವನು ಏನೂ ಕೇಳಲಿಲ್ಲ. ಬೆಂಕಿಗೆ ಇನ್ನೆರಡು ಕೊರಡು ನೂಕಿದ. ಅವನ ಹೆಂಡತಿ ಬಿಸಿ ಹಾಲು ತಂದು ಮೊದಲು ಸುಮಿತ್ರಳ ಕೈಗೆ ಕೊಟ್ಟಳು. ಸುಮಿತ್ರ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಅದರ ಆವಿಯಲ್ಲಿ ಮುಖ ಇಟ್ಟುಕೊಂಡಳು. ತುಟಿಗೆ ನಿಧಾನವಾಗಿ ಬಣ್ಣ ಬಂತು. ನಾಗಭೂಷಣ ಅದನ್ನೇ ನೋಡುತ್ತ ಕೂತ. ತನ್ನ ಹಾಲು ಆರಿಹೋದದ್ದು ಅವನಿಗೆ ತಿಳಿಯಲಿಲ್ಲ.

ಅವರು ಕೂತಿದ್ದಂತೆಯೇ ಮಂಜು ತೆಳುವಾಯಿತು. ಯಾರೋ ಒಂದೊಂದೇ ಪರದೆ ಎಳೆದಂತೆ ಬೆಟ್ಟ ಬಯಲಿಗೆ ಬಂತು. ಎದುರಿಗೆ, ಬಹಳ ಎತ್ತರದಲ್ಲಿ, ಹುಲ್ಲುಬೋರೆ ಕಡಿದುಹಾಕಿದಂತೆ ನಿಂತಿತ್ತು. ಅಲ್ಲಿಂದ ಕೆಳಗೆ ಬರಿ ಬಂಡೆ. ಇಳಿಬಿಸಿಲು ಬಿದ್ದು ಬಂಡೆ ಬಂಗಾರದ ಬಣ್ಣವಾಗಿತ್ತು.

“ನಾವಿದ್ದದ್ದು ಅಲ್ಲೇನಾ?” ಎಂದಳು ಸುಮಿತ್ರ.

ಲಲಿತಾಂಬ ನೋಟ್‌ಬುಕ್ಕು ತೆಗೆದರು. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, ಹಾಗೇ ಮುಚ್ಚಿದರು.

ಸಿದ್ದರಾಜು ಎದ್ದು ಕೆಂಚಮ್ಮನ ಹತ್ತಿರ ಹೋದ.

“ಬೆಳಗ್ಗೆ ನಾನು ಹುಲ್ಲಿನ ಮಾತಿಗೆ ಹಂಗಿಸಿದೆ ಕೆಂಚಮ್ಮ.”

“ಹಂಗಿಸಿದ್ರಾ?” ಎಂದಳು ಕೆಂಚಮ್ಮ. “ನಂಗೆ ತಿಳೀಲಿಲ್ಲ ಕಣಪ್ಪ. ಈ ಹಸ ನೋಡು, ಎಷ್ಟು ಸಾಧು.”

ಗಾಡಿ ಜಾಡು ಹಿಡಿದು ಹೊಳೆಗೆ ಬರುವಾಗ ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಬೆಟ್ಟ ತನ್ನ ನೆರಳನ್ನು ನೀರಿನ ಮೇಲೆ ಹಾಸಿತ್ತು. ನಾಲ್ವರೂ ಕೈಮುಗಿದು ಬಸ್ಸಿನ ಕಡೆ ನಡೆದರು. ಸುಮಿತ್ರ ಕಂಬಳಿ ಮಡಿಸಿ ಕೊಡಲು ಬಂದಳು. ಅಯ್ಯ ತೆಗೆದುಕೊಳ್ಳಲಿಲ್ಲ.

ನಾಗಭೂಷಣ ಹತ್ತು ಹೆಜ್ಜೆ ಹೋದವನು ತಿರುಗಿ ಬಂದ. ಸಿದ್ದರಾಜುವಿನ ಮುಂದೆ ನಿಂತ. ಬೈಯುತ್ತಾನೆಂದು ಸಿದ್ದರಾಜು ತಲೆ ತಗ್ಗಿಸಿದ.

“ಮುಂದಿನ ವರ್ಷ ಬರ್ತೀವಿ” ಎಂದ ನಾಗಭೂಷಣ. “ಆ ಮಡು ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕಂತೆ ಇವಳಿಗೆ.”

ಬಸ್ಸಿನ ಸದ್ದು ದೂರವಾಯಿತು.

ಅಯ್ಯ ಮೆಟ್ಟಿಲಿಳಿದು ಮಂಡಿ ಮುಳುಗುವಷ್ಟು ನೀರಿನಲ್ಲಿ ಕೂತರು. ಸಿದ್ದರಾಜು ಮೇಲಿನ ಮೆಟ್ಟಿಲಲ್ಲಿ ಕೂತ. ಒಂದು ಮೀನು ನೆಗೆದು ನೀರಿಗೆ ಮರಳಿತು. ಅದರ ಉಂಗುರ ದಡದವರೆಗೂ ಬಂದು ಮುಟ್ಟಿತು.

“ಅಯ್ಯ.”

“ಹ್ಞೂಂ.”

“ಮುಂದಿನ ಸಲ ನೀವೇ ಮುಂದೆ ನಡೀಬೇಕು. ನಾನು ಅದಕ್ಕೆ ತಕ್ಕವನಲ್ಲ.”

ಅಯ್ಯ ನೀರಿನಲ್ಲಿ ಮಂಡಿ ಉಜ್ಜಿಕೊಂಡರು.

“ಸಿಟ್ಟು ಬಂದಿದೆಯಾ ನನ್ನ ಮೇಲೆ?”

ಸಿದ್ದರಾಜು ಸುಳ್ಳು ಹೇಳಬೇಕೆಂದುಕೊಂಡ. ಆದರೆ ಆ ದಿನದ ಮಟ್ಟಿಗೆ ಸುಳ್ಳು ಸಾಕಾಗಿತ್ತು.

“ಬಂದಿದೆ ಅಯ್ಯ. ನಿಮಗೆ ದಾರಿ ಗೊತ್ತಿತ್ತು. ಆ ಹೆಣ್ಣುಮಗಳು ನಡುಗ್ತಾ ಇದ್ದಳು. ನಾನು ಒಂದು ಹೆಜ್ಜೆ ಇಟ್ಟಿದ್ರೆ ಹೋಗ್ತಿದ್ದೆ. ಆದ್ರೂ ನೀವು ಬಾಯಿ ಬಿಡಲಿಲ್ಲ.”

“ಗೊತ್ತಿದ್ರೆ ಹೇಳ್ತಿರಲಿಲ್ವಾ?”

ಸಿದ್ದರಾಜು ತಲೆ ಎತ್ತಿದ.

“ನಿಮಗೂ ಗೊತ್ತಿರಲಿಲ್ವಾ?”

“ಆ ಬಂಡೆ ಎರಡನೇ ಸಲ ಸಿಕ್ಕಿದಾಗ ನನಗೂ ಗೊತ್ತಾಯ್ತು, ತಪ್ಪಿದೀವಿ ಅಂತ. ಎಲ್ಲಿಗೆ ತಪ್ಪಿದೀವಿ ಅಂತ ಗೊತ್ತಾಗಲಿಲ್ಲ. ನೀನಂತೂ ಧೈರ್ಯವಾಗಿ ಹೀಗೆ ಹೀಗೆ ಅಂತಿದ್ದೆ. ಇವನಿಗೆ ಗೊತ್ತಿರಬೇಕು ಅಂದ್ಕೊಂಡೆ.”

“ನಲವತ್ತು ವರ್ಷ ನಡೆದಿದ್ದೀರಿ ಅಯ್ಯ!”

“ಬೆಟ್ಟ ಹಳೇದು. ಮಂಜು ಹಳೇದಲ್ಲ.”

ಸಿದ್ದರಾಜು ಹೊಳೆಯನ್ನೇ ನೋಡುತ್ತ ಕೂತ. ಆವಿ ಮತ್ತೆ ಏಳತೊಡಗಿತ್ತು. ಆಚೆ ದಡದ ಮರಗಳು ಒಂದೊಂದಾಗಿ ಅದರಲ್ಲಿ ಕರಗುತ್ತಿದ್ದವು.

“ಇಲ್ಲ ಅಯ್ಯ, ನೀವು ಹಾಗನ್ನಬಾರದು” ಎಂದ ಕೊನೆಗೆ. “ನಾನು ಬಂದ ಮೇಲೇನೇ ಮೂರು ಸಲ ಮಂಜು ಕವಿದಿದೆ. ಮೂರು ಸಲವೂ ನೀವು ಕರ್ಕೊಂಡು ಬಂದಿದ್ದೀರಿ. ನಾನು ಹಿಂದಿನಿಂದ ನೋಡ್ತಿದ್ದೆ. ನೀವು ನಿಲ್ತಿದ್ರಿ. ಎಲ್ಲರನ್ನೂ ಹತ್ತಿರ ಕರೀತಿದ್ರಿ. ಏನೋ ಒಂದು ಮಾತು ಮೆಲ್ಲಗೆ ಹೇಳ್ತಿದ್ರಿ. ಆಮೇಲೆ ಜನ ತಮ್ಮತಮ್ಮಲ್ಲೇ ಸ್ವಲ್ಪ ಮಾತಾಡ್ಕೊಳ್ಳೋರು. ಮತ್ತೆ ಸಾಲು ಹೊರಡ್ತಿತ್ತು. ಕೊನೇಲಿ ಇರ್ತಿದ್ದ ನನಗೆ ಅದೊಂದೂ ಕೇಳಿಸ್ತಿರಲಿಲ್ಲ. ದೊಡ್ಡ ಉಪದೇಶ ಏನೋ ಕೊಡ್ತಿದಾರೆ, ನನಗೆ ತಪ್ಪಿಹೋಯ್ತು ಅಂತ ಎಷ್ಟು ದಿನ ಕೊರಗಿದ್ದೀನಿ ಗೊತ್ತಾ?”

ಅಯ್ಯ ನಕ್ಕರು. ಮೆಟ್ಟಿಲು ಹಿಡಿದು ಮೇಲೇಳಲು ನೋಡಿದರು. ಮಂಡಿ ಏಳಲಿಲ್ಲ. ಸಿದ್ದರಾಜು ಇಳಿದು ಬಂದು ಕೈ ಕೊಟ್ಟ.

“ಅವತ್ತೆಲ್ಲ ಏನು ಹೇಳ್ತಿದ್ರಿ ಅಯ್ಯ?”

ಅಯ್ಯ ಅವನ ಕೈಯ ಮೇಲೆ ಭಾರ ಬಿಟ್ಟು ಎದ್ದು ನಿಂತರು.

“ನನಗೇನೂ ಕಾಣ್ತಿಲ್ಲ, ನಿಮಗೆ ಯಾರಿಗಾದ್ರೂ ಏನಾದ್ರೂ ಕಾಣ್ತಿದೆಯಾ ಅಂತ ಕೇಳ್ತಿದ್ದೆ.”